ಬೀಗ ಅವನದು, ಮನೆ ನಮ್ಮದು

ಕಳೆದ ವಾರ ನಮ್ಮ ಮನೆಯ ಮೇಲಂತಸ್ತಿನಲ್ಲಿ ಮೃತ್ಯುಂಜಯ ಹೋಮ ನಡೆಯುತ್ತಿತ್ತು. ಕೆಳಗಿನ ಕೋಣೆಯಲ್ಲಿ ಪಟಾಕಿ ತುಂಬಿತ್ತು.

ಪಟಾಕಿ ಎಂದರೆ ನೀವು ಮಕ್ಕಳಿಗೆ ತರುವ ಒಂದು ಚೀಲ ಅಲ್ಲ. ಒಂದು ಅಂಗಡಿಗೆ ಸಾಕಾಗುವಷ್ಟು. ಕೋಣೆಗೆ ಬೀಗ ಹಾಕಿತ್ತು. ಕೀಲಿ ನನ್ನ ಹತ್ತಿರ ಇರಲಿಲ್ಲ.

ಇದೆಲ್ಲ ಮನೆಯೊಳಗೆ ಹೇಗೆ ಬಂತು? ನಾನೇ ಕರೆದೆ, ಇಂಟರ್‌ನೆಟ್ಟಿನಲ್ಲಿ.

ಕಾಶಿಯ ಹನುಮಾನ್ ಘಾಟಿನ ನಮ್ಮ ಹಳೆಯ ಮನೆಯ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಗೊಣಗಿದ್ದೇನೆ. ನಾನು ಯೂನಿವರ್ಸಿಟಿಯಲ್ಲಿ ಬಾಟನಿ ಪಾಠ ಮಾಡುತ್ತೇನೆ. ಅಮ್ಮ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಮೇಲಿನ ಕೋಣೆಗಳನ್ನು ಕೊಟ್ಟು ಊಟ ಹಾಕುತ್ತಾರೆ. ಕೆಳಗಿನ ದೊಡ್ಡ ಕೋಣೆ ಮಾತ್ರ ಖಾಲಿ ಬಿದ್ದಿತ್ತು. ಸಹೋದ್ಯೋಗಿಯೊಬ್ಬರು, "ಈಗ ಎಲ್ಲ ಆನ್‌ಲೈನ್ ಮಾರಾಯ್ರೆ, ಖಾಲಿ ಜಾಗಕ್ಕೂ ಗಿರಾಕಿ ಇದ್ದಾರೆ" ಎಂದರು. ಅದೇ ಸಂಜೆ ಸೈಬರ್ ಕೆಫೆಗೆ ಹೋಗಿ ಪುಕ್ಕಟೆ ಜಾಹೀರಾತಿನ ಸೈಟೊಂದರಲ್ಲಿ ಹಾಕಿಯೇ ಬಿಟ್ಟೆ: ಒಣ ಕೋಣೆ, ಭದ್ರ ಬಾಗಿಲು, ಸಾಮಾನು ಇಡಲು ಅನುಕೂಲ.

(ಒಣ ಕೋಣೆ ಎಂದು ಬರೆದ ಕೈಗೆ ಈಗ ಏನು ಮಾಡಲಿ?)

ಮರುದಿನವೇ ಫೋನ್ ಬಂತು. ಗೊದೌಲಿಯಾ ಕಡೆಯ ವ್ಯಾಪಾರಿ, ಮನೀಷ್ ಎಂದಿಟ್ಟುಕೊಳ್ಳಿ. ದೀಪಾವಳಿ ಮುಗಿಯುವವರೆಗೆ ಕೋಣೆ ಸಾಕು ಎಂದ. ಬಂದ, ನೋಡಿದ, ತನ್ನದೇ ಬೀಗ ಹಾಕಿಕೊಂಡು ಹೋದ. ನನಗೆ ಭಾರೀ ಖುಷಿ. ಕಂಪ್ಯೂಟರ್ ಬಂದ ಮೇಲೆ ಮನುಷ್ಯರ ಮುಖ ನೋಡುವ ತಾಪತ್ರಯ ಎಷ್ಟು ಕಡಿಮೆಯಾಯಿತು ಎಂದು ಕ್ಲಾಸಿನಲ್ಲೂ ಹೇಳಿಕೊಂಡೆ.

ಹೋಮದ ದಿನ ಬೆಳಿಗ್ಗೆ ಠೇಲಾದವನೊಬ್ಬ ತನ್ನ ತಳ್ಳುಗಾಡಿಯಲ್ಲಿ ಇನ್ನೆರಡು ರಟ್ಟಿನ ಪೆಟ್ಟಿಗೆ ತಂದು ಚೌಕದಲ್ಲಿ, ಅಂದರೆ ಮನೆಯ ನಡುವಿನ ಅಂಗಳದಲ್ಲಿ ಇಳಿಸಿದ. ಒಂದರ ಮೂಲೆ ಹರಿದಿತ್ತು. ಒಳಗೆ ಕೆಂಪು ಕಾಗದ, ಬತ್ತಿ.

"ಯೇ ಕ್ಯಾ ಹೈ ಭಾಯಿ?"

"ಪಟಾಖಾ ಬಾ ಬಾಬೂಜಿ, ಔರ್ ಕಾ? ಭೀತರೋ ಸಬ್ ಉಹೇ ಬಾ."

ಒಳಗಿರುವುದೂ ಅದೇ ಅಂತೆ! ನಾನು ತಲೆ ಎತ್ತಿ ನೋಡಿದೆ.

ಕಾಶಿಯ ಹಳೆಯ ಮನೆ ನೋಡಿದವರಿಗೆ ಗೊತ್ತು. ಚೌಕದ ನೇರಕ್ಕೆ ಮೇಲಂತಸ್ತಿನ ನೆಲದಲ್ಲಿ ಕಬ್ಬಿಣದ ಜಾಲರಿ ಇರುತ್ತದೆ, ಕೆಳಗೆ ಬೆಳಕು ಬೀಳಲಿ ಎಂದು. ಬೆಳಕು ಬೀಳುವಲ್ಲಿ ಕಿಡಿಯೂ ಬೀಳುತ್ತದೆ. ಹೋಮಕುಂಡ ಜಾಲರಿಯ ಪಕ್ಕದಲ್ಲೇ ಇತ್ತು, ಅಲ್ಲಿ ಮೇಲೆ ಸೂರಿಲ್ಲ, ಹೊಗೆ ಹೋಗಲಿ ಎಂದು. ನಾನು ನೋಡುತ್ತಿದ್ದಂತೆ ಒಂದು ಕಿಡಿ ಇಳಿದು ಬಂದು ಪೆಟ್ಟಿಗೆಯಿಂದ ಮೊಳದೂರದಲ್ಲಿ ಆರಿತು.

ಪೆಟ್ಟಿಗೆಗಳನ್ನು ಗಲ್ಲಿಗೆ ಎಳೆದು ಹಾಕಿ ಮನೀಷನಿಗೆ ಫೋನ್ ಮಾಡಿದೆ. ಮೊಘಲ್‌ಸರಾಯ್‌ನಲ್ಲಿದ್ದೇನೆ, ಮಧ್ಯಾಹ್ನ ಬರುತ್ತೇನೆ ಎಂದ. ನಾನು ಕೂಗಾಡಿದೆ. ಅವನ ದನಿ ಒಂದಿಷ್ಟೂ ಏರಲಿಲ್ಲ.

"ಟೆನ್ಶನ್ ಮತ್ ಲೀಜಿಯೇ ಪಂಡಿತ್‌ಜಿ. ಆಪ್‌ನೇ ಜೋ ಪೂಛಾ, ಹಮ್‌ನೇ ಬತಾ ದಿಯಾ ಥಾ."

ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ ಎನ್ನುತ್ತಾನೆ! ಕೋಪ ನೆತ್ತಿಗೇರಿತು. ಆದರೆ ಅವನ ಮಾತು ನಿಜವಾಗಿತ್ತು.

ಪೊಲೀಸರಿಗೆ ಫೋನ್ ಮಾಡಬೇಕಿತ್ತಲ್ಲ, ಎನ್ನುತ್ತೀರಿ. ಮಾಡಬೇಕಿತ್ತು. ಮೊಬೈಲ್ ಕೈಯಲ್ಲೇ ಇತ್ತು. ಅವರ ಮೊದಲ ಪ್ರಶ್ನೆ ಏನಿರುತ್ತದೆ? ಮನೆ ಯಾರದು? ಬಾಡಿಗೆದಾರನ ಗುರುತಿನ ಚೀಟಿಯ ಜೆರಾಕ್ಸ್ ಎಲ್ಲಿ? ಪಟಾಕಿ ದಾಸ್ತಾನಿಗೆ ಲೈಸೆನ್ಸ್ ಎಲ್ಲಿ? ಕರಾರು ಪತ್ರ ಎಲ್ಲಿ? ನನ್ನ ಬಳಿ ಇದ್ದದ್ದು ಒಂದು ಮೊಬೈಲ್ ನಂಬರ್. ಮೇಲೆ ಜನ ಕೂತಿದ್ದಾಗ ನಾನು ಕೆಳಗೆ ನಿಂತು ನನ್ನ ಮರ್ಯಾದೆಯ ಲೆಕ್ಕ ಹಾಕುತ್ತಿದ್ದೆ. ನಾಚಿಕೆಯಾಗುತ್ತದೆ.

ಮೇಲೆ ಓಡಿದೆ.

ಹೋಮ ಮಾಡಿಸುತ್ತಿದ್ದವರು ತುಮಕೂರಿನ ಸಾವಿತ್ರಮ್ಮ ಮತ್ತು ಅವರ ಯಜಮಾನರು. ಊರಿಗೆ ಹೋದೊಡನೆ ಸಾವಿತ್ರಮ್ಮನಿಗೆ ಹೃದಯದ ಆಪರೇಷನ್. ಅದಕ್ಕೆ ಮುಂಚೆ ಕಾಶಿಯಲ್ಲಿ ಈ ಹೋಮ ಆಗಲೇಬೇಕು ಎಂದು ಆ ದಂಪತಿ ಬಂದಿದ್ದರು. ಅಮ್ಮನ ಕಿವಿಯಲ್ಲಿ ವಿಷಯ ಹೇಳಿದೆ. ಅಮ್ಮ ಎದ್ದು ನಿಂತೇ ಬಿಟ್ಟರು.

"ಹೋಮ ನಿಲ್ಲಿಸಿ."

ಪುರೋಹಿತರು ಗಾಬರಿಯಾದರು. "ಪೂರ್ಣಾಹುತಿ ಆಗದೆ ಅಗ್ನಿ ಆರಿಸೋ ಹಾಗಿಲ್ಲಮ್ಮ. ಅದೂ ಇಂಥಾ ಹೋಮ!"

"ಕೆಳಗೆ ಪಟಾಕಿ ಗೋದಾಮು ಇದೆ ಕಣ್ರೀ. ಆಮೇಲೆ ಎಲ್ಲರದ್ದೂ ಪೂರ್ಣಾಹುತಿನೇ."

ಯಾರೂ ಅಲುಗಾಡಲಿಲ್ಲ. ಯಜಮಾನರು ಹೆಂಡತಿಯ ಮುಖ ನೋಡಿದರು. ಅವರಿಗೆ ಎರಡೂ ಭಯ. ಪಟಾಕಿಯ ಭಯ ಹೊಸದು, ಆಪರೇಷನ್ನಿನ ಭಯ ತಿಂಗಳುಗಟ್ಟಲೆ ಹೊತ್ತು ತಂದದ್ದು. ಪುರೋಹಿತರು ತುಪ್ಪದ ಸೌಟು ಹಿಡಿದೇ ಕೂತಿದ್ದರು.

ಸಾವಿತ್ರಮ್ಮ ಅಭಿಷೇಕಕ್ಕಿಟ್ಟಿದ್ದ ಹಾಲಿನ ಚೆಂಬು ಎಳೆದುಕೊಂಡರು.

"ನನ್ನ ಹೆಸರಲ್ಲಿ ಹಚ್ಚಿದ್ದಲ್ವಾ? ನಾನೇ ಆರಿಸ್ತೀನಿ. ನನ್ನೊಬ್ಬಳ ಆಯಸ್ಸಿಗೆ ಇಷ್ಟು ಜನ ಯಾಕೆ?"

ಸುರಿದರು. ಹೊಗೆ ಎದ್ದಿತು. ಅಮ್ಮ ಒದ್ದೆ ಬೆಡ್‌ಶೀಟುಗಳನ್ನು ತಂದು ಜಾಲರಿಯ ಮೇಲೆ ಹಾಸಿದರು. ನಾನು ಕೆಳಗಿನ ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದೆ. ಅಕ್ಕಪಕ್ಕದವರಿಗೂ ಹೇಳಿ ಎಲ್ಲರೂ ಘಾಟಿನ ಮೆಟ್ಟಿಲ ಮೇಲೆ ಹೋಗಿ ಕೂತೆವು.

ಮಧ್ಯಾಹ್ನ ಮನೀಷ್ ಬಂದ, ಬೀಗ ತೆಗೆದ, ಪಾನ್ ಜಗಿಯುತ್ತಲೇ ಮಾಲು ಠೇಲಾಗೆ ಹೇರಿಸಿಕೊಂಡು ಹೋದ. ಎಲ್ಲಿಗೆ? ಇನ್ಯಾರದೋ ಖಾಲಿ ಕೋಣೆಗೆ ಇರಬೇಕು. ನಿಮ್ಮ ಮನೆಯಲ್ಲೂ ಒಂದು ಇದ್ದರೆ ಕೇಳಿ. ಕೋಣೆ ಬಾಡಿಗೆಗೆ ಕೊಡಬಹುದು, ಹೊಣೆ ಬಾಡಿಗೆಗೆ ಹೋಗುವುದಿಲ್ಲ. ಒಳಗೆ ಏನು ಬರುತ್ತದೆ ಎಂದು ಬರೆಸಿಕೊಳ್ಳಿ, ಕಣ್ಣಾರೆ ನೋಡಿ, ಒಂದು ಕೀಲಿ ನಿಮ್ಮ ಹತ್ತಿರ ಇರಲಿ. ಅದಕ್ಕೆ ಒಪ್ಪದವನು ಗಿರಾಕಿಯೇ ಅಲ್ಲ.

ಸಾವಿತ್ರಮ್ಮನ ರೈಲು ಅದೇ ಸಂಜೆ. ಮತ್ತೆ ಹೋಮಕ್ಕೆ ಸಮಯವಿರಲಿಲ್ಲ. ಇದು ಅಚ್ಚಾಗುವ ಹೊತ್ತಿಗೆ ಅವರ ಆಪರೇಷನ್ ಮುಗಿದಿರುತ್ತದೆ. ಫೋನ್ ಮಾಡಿ ಕೇಳುವ ಧೈರ್ಯ ನನಗಿಲ್ಲ.

ರಿಕ್ಷಾ ಹತ್ತುವ ಮುಂಚೆ ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ. "ನಾವು ಬಂದಾಗ ಊರು ಕೇಳಿದ್ರಿ, ಗೋತ್ರ ಕೇಳಿದ್ರಿ, ಯಾರ ಕಡೆಯೋರು ಅಂತಾನೂ ಕೇಳಿದ್ರಿ. ಅವನನ್ನ ಏನೂ ಕೇಳ್ಲಿಲ್ವೇನಪ್ಪಾ?"

ಕೇಳಿದ್ದೆ. ಚರ್ಮದ ಸಾಮಾನು, ಮಾಂಸ, ಮೊಟ್ಟೆ ಏನೂ ಇಲ್ಲ ತಾನೇ ಎಂದು ಒತ್ತಿ ಒತ್ತಿ ಕೇಳಿದ್ದೆ.

"ಏಕ್‌ದಮ್ ಶುದ್ಧ ಶಾಕಾಹಾರಿ ಮಾಲ್ ಹೈ, ಪಂಡಿತ್‌ಜಿ" ಎಂದಿದ್ದ. ಅದರಲ್ಲಿ ಸುಳ್ಳೇನಿತ್ತು, ಹೇಳಿ?