ಬಿರಿಯಬಾರದ ಹೊತ್ತಿಗೆ ಬಿರಿಯುವ ಮೊಗ್ಗು

ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವುದು ದೊಡ್ಡ ಮಾತಲ್ಲ. ಅದನ್ನು ಮೊಗ್ಗಾಗಿಯೇ ಇನ್ನೊಂದು ಊರಿಗೆ ಮುಟ್ಟಿಸುವುದು ದೊಡ್ಡ ಮಾತು. ತೊಂಬತ್ತೆಂಟರ ಬೇಸಿಗೆಯಲ್ಲಿ ಮಾಳಮ್ಮ ಸೋಲುತ್ತಿದ್ದದ್ದು ಅಲ್ಲಿಯೇ.

ಕತ್ತಲು ಹರಿಯುವ ಮೊದಲೇ ಅವಳು ಗಿಡಗಳ ನಡುವೆ ಇರುತ್ತಿದ್ದಳು. ಮೊಗ್ಗು ಬೆರಳಿಗೆ ಗಟ್ಟಿಯಾಗಿ ಸಿಕ್ಕುತ್ತಿತ್ತು, ಎಳೆಯ ಮಗುವಿನ ಹಲ್ಲಿನ ಹಾಗೆ. ಬುಟ್ಟಿಗೆ ಬಾಳೆ ಎಲೆ ಹಾಸಿ, ಮೊಗ್ಗು ತುಂಬಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ ಮೊದಲ ಬಸ್ಸಿನ ಮೇಲಕ್ಕೆ ಏರಿಸುತ್ತಿದ್ದಳು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಚಹಾಕ್ಕೆಂದು ನಿಲ್ಲುತ್ತಿತ್ತು. ಡ್ರೈವರು ಕಂಡಕ್ಟರು ನೆರಳಿಗೆ ಹೋಗುತ್ತಿದ್ದರು, ಬುಟ್ಟಿ ಮಾತ್ರ ಬಿಸಿಲಿನಲ್ಲಿಯೇ ಕೂತಿರುತ್ತಿತ್ತು. ಕೊಟ್ಟೂರಿನಲ್ಲಿ ಹೂವಿನ ವ್ಯಾಪಾರಿ ಕೊಟ್ರಬಸಪ್ಪ ಬಟ್ಟೆ ಸರಿಸಿ ನೋಡುವ ಹೊತ್ತಿಗೆ ಅರ್ಧ ಮೊಗ್ಗು ಬಾಯಿ ಬಿಟ್ಟಿರುತ್ತಿದ್ದವು.

ಕೊಟ್ಟೂರಿನ ಹೆಂಗಸರಿಗೆ ಬಿರಿದ ಹೂವು ಬೇಡ. ಮಧ್ಯಾಹ್ನ ಮೊಗ್ಗು ಕೊಂಡು, ಮಾಲೆ ಕಟ್ಟಿ, ಸಂಜೆ ಮುಡಿದ ಮೇಲೆ ಅದು ಜಡೆಯಲ್ಲಿಯೇ ಅರಳಬೇಕು. ಬಸ್ಸಿನಲ್ಲಿ ಅರಳಿದ್ದು ದೀಪ ಹಚ್ಚುವ ಹೊತ್ತಿಗೆ ಉದುರುತ್ತದೆ.

"ಯಕ್ಕಾ," ಎಂದು ಕಂಡಕ್ಟರು ಖಾಲಿ ಬುಟ್ಟಿಯ ಜೊತೆ ಮಾತನ್ನೂ ಇಳಿಸುತ್ತಿದ್ದ. "ಕೊಟ್ರಬಸಪ್ಪ ಹೇಳ್ಯಾನ, ಹೂವು ಕಳಸ್ತೀಯೋ ಪೂಜಿ ಆದ ಮ್ಯಾಲಿನ ನಿರ್ಮಾಲ್ಯ ಕಳಸ್ತೀಯೋ ಕೇಳು ಅಂದ."

"ಅವನ ಬಾಯಾಗ ಅದನ್ನs ತುರುಕಿ ಬರ್ಬೇಕಿತ್ತು ನೀನು."

"ನನಗ್ಯಾಕಬೇ, ನಾನು ಟಿಕೀಟು ಹರಿಯೋನು."

ಹಡಗಲಿಯಲ್ಲಿಯೇ ಮಾರಬಹುದಿತ್ತು. ಆದರೆ ಅಲ್ಲಿ ಮನೆಮನೆಗೂ ಮಲ್ಲಿಗೆ. ಊರೆಲ್ಲ ಬೆಳೆದದ್ದನ್ನು ಊರಲ್ಲಿ ಯಾರಿಗೆ ಮಾರುವುದು? ಕೊಟ್ರಬಸಪ್ಪನ ಅಂಗಡಿಯ ಹಲಗೆಯ ಮೇಲೆ ಮಾಳಮ್ಮನ ಬುಟ್ಟಿಗೆ ಒಂದು ಜಾಗವಿತ್ತು. ಅವಳೇ ಒಮ್ಮೆ ಕೊಟ್ಟೂರಿಗೆ ಹೋಗಿ, ಅವನ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು, ವಾದಿಸಿ ಪಡೆದ ಜಾಗ ಅದು. ಅದು ಹೋದರೆ ಅವಳು ಮತ್ತೆ ಕಂಡವರ ಹೊಲಕ್ಕೆ ಕಳೆ ಕೀಳಲು ಹೋಗಬೇಕು. ಗಂಡ ನಾಗಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದ. "ಇರೋ ಮೂರು ಸಾಲು ಗಿಡಕ್ಕ ಇಷ್ಟು ಕುಣೀತಿ," ಎನ್ನುತ್ತಿದ್ದ. ಆ ಗಿಡಗಳನ್ನು ತವರಿನಿಂದ ಕಡ್ಡಿ ತಂದು ನೆಟ್ಟು, ತಲೆಯ ಮೇಲೆ ನೀರು ಹೊತ್ತು ಬದುಕಿಸಿದವಳು ಅವಳು. ಅವನ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಅವಳು ಕುಕ್ಕುವ ಪಾತ್ರೆಗಳು ಕೊಡುತ್ತಿದ್ದವು.

ನೀರು ಹೆಚ್ಚು ಚಿಮುಕಿಸಿದಳು, ಮೊಗ್ಗು ಕಂದಿದವು. ಕಡಿಮೆ ಮಾಡಿದಳು, ಬಾಡಿದವು. ಬುಟ್ಟಿಯನ್ನು ಬಸ್ಸಿನೊಳಗೆ ಇಡಿಸಿದಳು, ಯಾರೋ ಅದರ ಮೇಲೆ ಕೂತರು. ಕೊನೆಗೆ ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಐಸುಗಡ್ಡೆ ತಂದು ಎಲೆಯ ಕೆಳಗೆ ಇಟ್ಟಳು. ಅದು ಕೆಲಸ ಮಾಡಿತು, ಹಗರಿಬೊಮ್ಮನಹಳ್ಳಿಯವರೆಗೆ ಮಾತ್ರ. ಆಮೇಲೆ ಬುಟ್ಟಿಯಲ್ಲಿ ನೀರಿತ್ತು, ತಂಪಿರಲಿಲ್ಲ.

ಆಗ ಅವಳ ಕಣ್ಣಿಗೆ ಬಿದ್ದವನು ಕುಲ್ಫಿ ಮಾರುವ ಅಂಜಿನೇಯಲು. ಕೆಂಪು ಬಟ್ಟೆ ಸುತ್ತಿದ ಮಡಕೆಯನ್ನು ಇಡೀ ದಿನ ಬಿಸಿಲಲ್ಲಿ ಹೊತ್ತು ತಿರುಗಿದರೂ ಅವನ ಕುಲ್ಫಿ ಕಲ್ಲಿನಂತೆ ಇರುತ್ತಿತ್ತು.

"ಏನು ಹಾಕ್ತೀಯೋ ಅದರಾಗ?"

"ಐಸಿಗೆ ಉಪ್ಪು ಹಾಕ್ತೀನಕ್ಕಾ. ಹರಳುಪ್ಪು. ಬರೇ ಐಸಿಗಿಂತ ಭಾಳ ತಂಪು ಹಿಡೀತತಿ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅವನ ಕುಲ್ಫಿ ತಗಡಿನ ಅಚ್ಚಿನೊಳಗೆ ಇರುತ್ತಿತ್ತು, ಮಾಳಮ್ಮನ ಮೊಗ್ಗು ಬಾಳೆ ಎಲೆಯ ಮೇಲೆ. ಮರುದಿನ ಅವಳು ಐಸಿನ ಮೇಲೆ ಎರಡು ಬೊಗಸೆ ಉಪ್ಪು ಸುರಿದಳು. ಬುಟ್ಟಿ ಕುಲುಕಿದಂತೆಲ್ಲ ಉಪ್ಪುನೀರು ಎಲೆಯ ಸಂದಿನಿಂದ ಮೇಲಕ್ಕೆ ಚಿಮ್ಮಿತು. ಕೊಟ್ರಬಸಪ್ಪ ಆ ಬುಟ್ಟಿಯನ್ನು ಮುಟ್ಟದೆ ಹಾಗೆಯೇ ತಿರುಗಿಸಿ ಕಳಿಸಿದ. ಮೊಗ್ಗು ಬೇಯಿಸಿದ ಸೊಪ್ಪಿನಂತೆ ಮುದ್ದೆಯಾಗಿದ್ದವು.

ಉಪ್ಪು ಕಡಿಮೆಯಾಯಿತು ಎಂದುಕೊಂಡಳು ಮಾಳಮ್ಮ. ಮರುದಿನ ಇನ್ನೂ ಎರಡು ಬೊಗಸೆ ಹಾಕಿದಳು.

ಆ ಬುಟ್ಟಿಯೂ ತಿರುಗಿ ಬಂದಾಗ ಕಂಡಕ್ಟರು ತಮಾಷೆ ಮಾಡಲಿಲ್ಲ. "ಇನ್ನೊಂದು ಸಲ ಹಿಂಗಾದ್ರ ನಿನ್ನ ಜಾಗ ಕೂಡ್ಲಿಗಿ ಕಡೆಯಾಕಿಗೆ ಕೊಡ್ತಾನಂತ ನೋಡಬೇ," ಎಂದಷ್ಟೇ ಹೇಳಿ ಹೋದ.

ಮಾಳಮ್ಮ ಬುಟ್ಟಿಯನ್ನು ಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದಳು. ಆ ಕಟ್ಟೆಯ ಮೇಲೆ, ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹಂಪೇಶ್ ಕೂತಿದ್ದರು. ಅವರು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರು. ತಮ್ಮ ಲುಂಗಿಯ ಮೇಲೆ ಬಿದ್ದ ಒಂದು ಮೊಗ್ಗನ್ನು ಎತ್ತಿ ಹಿಚುಕಿ ನೋಡಿದರು, ನಾಲಗೆಗೂ ಮುಟ್ಟಿಸಿದರು.

"ಉಪ್ಪು ಯಾಕ ಹಾಕಿದ್ರಿ?"

"ತಂಪಿಗೆ."

"ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ರ ಏನಾಗ್ತತಿ?"

"ನೀರು ಬಿಡ್ತಾವ. ಅದನ್ನ ಕೇಳಾಕ ಮೇಷ್ಟ್ರು ಬೇಕೇನ್ರಿ?" ಎಂದವಳು ಅಲ್ಲಿಗೇ ನಿಂತಳು. ವರ್ಷವರ್ಷ ಉಪ್ಪಿನಕಾಯಿ ಹಾಕಿದ ಕೈ ಅವಳದು. ಆ ಕೈಗೆ ಗೊತ್ತಿದ್ದದ್ದು ಬುಟ್ಟಿಯ ಮುಂದೆ ನೆನಪಾಗಿರಲಿಲ್ಲ. ಸಿಟ್ಟು ಮೊದಲು ತನ್ನ ಮೇಲೆ ಬಂತು, ಆಮೇಲೆ ಎದುರಿಗೆ ಕೂತವರ ಮೇಲೆ.

"ನಿನ್ನೆ ನಾ ಉಪ್ಪು ಸುರೀವಾಗ ಇಲ್ಲೇ ಹಲ್ಲುಜ್ಜತಿದ್ರಲ್ಲ. ಅವಾಗ ಹೇಳಾಕ ಏನಾಗಿತ್ತು?"

"ನಾನು ಕುಲ್ಫಿ ಮಾಡ್ತೀರಿ ಅನ್ಕೊಂಡೆ."

ಹಂಪೇಶ್ ಕಲಿಸತೊಡಗಿದರು. ಅವರಿಗೆ ಬೇರೆ ರೀತಿ ಮಾತಾಡಲು ಬರುತ್ತಿರಲಿಲ್ಲ. ಒಂದು ಎಸಳೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಶಗಳ ಗುಂಪು. ಪ್ರತಿ ಕೋಶವೂ ನೀರು ತುಂಬಿ ಬಿಗಿದ ಚೀಲ. ಒಳಗಿನ ನೀರು ಗೋಡೆಯನ್ನು ಒತ್ತುತ್ತಿರುವುದರಿಂದಲೇ ಎಸಳು ಸೆಟೆದು ನಿಲ್ಲುತ್ತದೆ. ಚೀಲದ ಸುತ್ತ ಒಂದು ಪೊರೆ. ಅದು ಕೊಬ್ಬಿನ ಎರಡು ಪದರ. ಅದರ ಒಂದೊಂದು ಕಣಕ್ಕೂ ನೀರನ್ನು ಬಯಸುವ ತಲೆ, ನೀರಿಗೆ ಹೆದರುವ ಬಾಲ. ತಲೆಗಳೆಲ್ಲ ಒಳಗೂ ಹೊರಗೂ ನೀರಿನ ಕಡೆಗೆ, ಬಾಲಗಳು ನಡುವೆ ಒಂದಕ್ಕೊಂದು ಅವಿತುಕೊಂಡು. ಈ ಜಿಡ್ಡಿನಲ್ಲಿ ಅಲ್ಲಲ್ಲಿ ಪ್ರೋಟೀನಿನ ಬಾಗಿಲುಗಳು ತೇಲುತ್ತಿರುತ್ತವೆ. ನೀರು ಸುಲಭವಾಗಿ ಒಳಗೆ ಹೊರಗೆ ಹೋಗಿ ಬರುತ್ತದೆ. ಉಪ್ಪು, ಸಕ್ಕರೆ ಹಾಗಲ್ಲ. ಅವಕ್ಕೆ ತಮ್ಮದೇ ಬಾಗಿಲು ಬೇಕು. ಹೊರಗೆ ಉಪ್ಪು ಹೆಚ್ಚಾದರೆ ಅದು ಒಳಗೆ ಬರಲಾರದು. ಬದಲಿಗೆ ಒಳಗಿನ ನೀರೇ ಹೊರಗೆ ಹೋಗಿಬಿಡುತ್ತದೆ.

"ಅಂದ್ರ ನಾ ನಾಲ್ಕು ಬೊಗಸಿ ಉಪ್ಪು ಹಾಕಿ ಹೂವಿನ ನೀರು ಹೀರಿಸಿದೆ."

"ಹೌದು. ಮ್ಯಾಲೆ ಅಷ್ಟು ತಂಪಿಗೆ ಒಳಗಿನ ನೀರು ಹೆಪ್ಪುಗಟ್ಟಿ ಪೊರೇನೂ ಹರಿದಿರ್ತತಿ."

ಅವರ ಮುಖದಲ್ಲಿ ಪಾಠ ಚೆನ್ನಾಗಿ ಆಯಿತು ಎಂಬ ಸಮಾಧಾನವಿತ್ತು. ಮಾಳಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ.

"ಹಾಳಾದದ್ದು ಹೆಂಗ ಅಂತ ಹೇಳಿದ್ರಿ. ಹಾಳಾಗದಂಗ ಹೆಂಗ ಇಡ್ಲಿ? ಮೊಗ್ಗು ಬಿರಿಯೋದು ಯಾಕ? ಅದನ್ನ ಹೇಳ್ರಿ."

ಹಂಪೇಶ್ ಕೈಯಲ್ಲಿದ್ದ ಮೊಗ್ಗನ್ನು ಕಟ್ಟೆಯ ಮೇಲಿಟ್ಟರು. ಮೊಗ್ಗು ಬಿರಿಯುವುದೂ ಅದೇ ಪೊರೆಯ ಕೆಲಸವೇ ಎಂದರು. ಅರಳುವ ಹೊತ್ತು ಬಂದಾಗ ಕೋಶಗಳು ಒಳಗೆ ಸಕ್ಕರೆ ತುಂಬಿಕೊಳ್ಳುತ್ತವೆ. ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಸಕ್ಕರೆಯನ್ನು ತಳ್ಳಬೇಕು, ಅದಕ್ಕೆ ಬಾಗಿಲು ಶಕ್ತಿ ಖರ್ಚು ಮಾಡಬೇಕು. ಸಕ್ಕರೆಯ ಹಿಂದೆ ನೀರು ತಾನೇ ಬರುತ್ತದೆ. ಕೋಶ ಉಬ್ಬುತ್ತದೆ, ಎಸಳು ಹೊರಳುತ್ತದೆ. ಬಿಸಿಯಿದ್ದರೆ ಎಲ್ಲವೂ ಬೇಗ, ತಂಪಿದ್ದರೆ ನಿಧಾನ.

"ಆ ಬಾಗಿಲು ಮುಚ್ಚಾಕ ಬರ್ತತೇನು?"

"ಮುಚ್ಚಿದ್ರ ಹೂವು ಸಾಯ್ತತಿ. ನಿಧಾನ ಮಾಡಬಹುದು."

"ಎಷ್ಟು ತಂಪು ಇದ್ರ ಎಷ್ಟು ನಿಧಾನ?"

"ಗೊತ್ತಿಲ್ಲ. ಪುಸ್ತಕದಾಗ ಮಲ್ಲಿಗಿ ಇಲ್ಲ."

"ಮತ್ತ ಏನೈತ್ರಿ?"

"ಈರುಳ್ಳಿ ಸಿಪ್ಪಿ ಐತಿ."

ಹಡಗಲಿಯಲ್ಲಿ ಕೂತು ಮಲ್ಲಿಗೆ ಇಲ್ಲದ ಪುಸ್ತಕ ಓದುವವರನ್ನು ಅವಳು ಒಮ್ಮೆ ದಿಟ್ಟಿಸಿ ನೋಡಿ ಒಳಗೆ ಹೋದಳು. ಆದರೆ ಮಾತು ತಲೆಯಲ್ಲಿ ಉಳಿಯಿತು. ತಂಪು ಬೇಕು, ಉಪ್ಪು ಬೇಡ, ಐಸಿನ ನೀರೂ ತಾಗಬಾರದು. ಮರುದಿನ ಐಸನ್ನು ಪ್ಲಾಸ್ಟಿಕ್ ಕವರುಗಳಲ್ಲಿ ತುಂಬಿ, ಬಾಯಿ ಕಟ್ಟಿ, ಬುಟ್ಟಿಯ ಸುತ್ತಲೂ ನಿಲ್ಲಿಸಿ ನಡುವೆ ಮೊಗ್ಗು ಸುರಿದಳು. ಈ ಸಲ ಬುಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ತಾನೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತೊಡೆ ಮರಗಟ್ಟಿತ್ತು, ನೆತ್ತಿ ಸುಡುತ್ತಿತ್ತು.

ಕೊಟ್ಟೂರಿನಲ್ಲಿ ಕೊಟ್ರಬಸಪ್ಪ ಬಟ್ಟೆ ಸರಿಸಿದ. ಒಂದು ಮೊಗ್ಗೂ ಬಾಯಿ ಬಿಟ್ಟಿರಲಿಲ್ಲ.

ಮಾಳಮ್ಮ ಅವನ ಮುಖ ನೋಡಿದಳು. ಅವನು ಒಂದು ಹಿಡಿ ಮೊಗ್ಗು ಎತ್ತಿ ಅಂಗೈಯಲ್ಲಿ ತೂಗಿದ, ಮತ್ತೆ ಕೆಳಗಿಟ್ಟ.

"ಈಗೇನೋ ಬಿರಿದಿಲ್ಲ. ಸಂಜಿಗರ ಬಿರೀತಾವೋ ಇಲ್ಲೋ?"

"ಬಿರೀಲಾರದs ಏನು ಮಾಡ್ತಾವ?"

"ಯಾರಿಗೊತ್ತು. ಜಡಿಯಾಗ ಮೊಗ್ಗು ಮೊಗ್ಗಾಗೇ ಒಣಗಿದ್ರ ನಾಳೆ ಹೆಂಗಸರು ಬಂದು ನನ್ನ ಮೀಸಿ ಕಿತ್ತಾರು. ನಾ ಇವತ್ತು ಮಾರಂಗಿಲ್ಲ. ಕುಂದ್ರು, ಸಂಜಿಗೆ ನೋಡೂಣು."

"ಬಿರಿದ್ರೂ ಬ್ಯಾಡ, ಬಿರೀದಿದ್ರೂ ಬ್ಯಾಡ. ನಿನಗ ಏನು ಬೇಕು ಅಂತ ಮಲ್ಲಿಗಿಗೆ ನೀನs ಬರದು ಕೊಡು."

"ನನಗಲ್ಲಬೇ, ಕೊಟ್ಟೂರಿನ ಜಡಿಗೆ ಬೇಕು."

ಅವಳು ಅಂಗಡಿಯ ಪಕ್ಕದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತಳು. ಹಲಗೆಯ ಮೇಲಿನ ಬೇರೆಯವರ ಬುಟ್ಟಿಗಳು ಖಾಲಿಯಾಗುತ್ತಿದ್ದವು. ಬಂದ ಹೆಂಗಸರು ಅವಳ ಬುಟ್ಟಿಯತ್ತ ಕೈ ಚಾಚಿದರೆ ಕೊಟ್ರಬಸಪ್ಪ "ಅದಲ್ರೀ, ಅದು ಪರೀಕ್ಷಾಕ್ಕ ಕುಂತೈತಿ," ಎನ್ನುತ್ತಿದ್ದ. ಅವರು ನಗುತ್ತಿದ್ದರು. ಮಾಳಮ್ಮ ಬುಟ್ಟಿಯನ್ನು ಇನ್ನಷ್ಟು ನೆರಳಿಗೆ ಎಳೆದುಕೊಂಡಳು.

ಬಿಸಿಲು ಇಳಿಯಿತು. ಬುಟ್ಟಿಯ ನಡುವಿನ ಮೊಗ್ಗುಗಳಲ್ಲಿ ಒಂದು ತುದಿ ಸಡಿಲಿಸಿತು, ಆಮೇಲೆ ಅದರ ಪಕ್ಕದ್ದು. ನೋಡನೋಡುತ್ತ ನಡುವೆಲ್ಲ ಬೆಳ್ಳಗೆ ತೆರೆದುಕೊಂಡು ಪರಿಮಳ ಅಂಗಡಿಯನ್ನು ದಾಟಿ ರಸ್ತೆಗೆ ಹೋಯಿತು. ಮಾಳಮ್ಮ ಎದ್ದು ನಿಂತಳು. ಆದರೆ ಅಂಚಿನ ಮೊಗ್ಗುಗಳು, ಐಸಿನ ಕವರಿಗೆ ಒತ್ತಿಕೊಂಡು ಬಂದಂಥವು, ಅಲುಗಲಿಲ್ಲ. ಗಾಜಿನ ಹಾಗೆ ಪಾರದರ್ಶಕವಾಗಿದ್ದವು. ಬೆರಳಲ್ಲಿ ಬಿಡಿಸಲು ನೋಡಿದರೆ ಎಸಳು ಲೋಳೆಯಾಗಿ ಅಂಟಿತು.

ಚಳಿಗೆ ತುಪ್ಪ ಗಟ್ಟಿಯಾಗುವ ಹಾಗೆ ಪೊರೆಯ ಕೊಬ್ಬೂ ಗಟ್ಟಿಯಾಗುತ್ತದೆ. ಅದರಲ್ಲಿ ತೇಲುವ ಬಾಗಿಲುಗಳು ಹೂತು ನಿಲ್ಲುತ್ತವೆ, ಪೊರೆ ಬಿರುಕು ಬಿಟ್ಟು ಒಳಗಿನದು ಸೋರುತ್ತದೆ. ಈ ವಿವರವನ್ನು ಹಂಪೇಶ್ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೂ ಆ ಸಂಜೆ ಅವಳಿಗೆ ಅದರಿಂದ ಸಮಾಧಾನ ಸಿಗುತ್ತಿರಲಿಲ್ಲ. ಅವಳು ಅಂಚಿನವನ್ನೂ ನಡುವಿನವನ್ನೂ ಸೆರಗಿನ ಮೇಲೆ ಬೇರೆ ಬೇರೆ ಗುಡ್ಡೆ ಮಾಡಿದಳು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

"ಅರ್ಧಕ್ಕರ್ಧ," ಎಂದ ಕೊಟ್ರಬಸಪ್ಪ.

"ಐಸಿಗೆ ಹತ್ತಿದ್ದು ಸತ್ತಾವ. ಹತ್ತದಿದ್ದು ಬದಕ್ಯಾವ. ನಡುವ ಒಂದು ದಪ್ಪನ್ನ ಬಟ್ಟಿ ಹಾಕಿದ್ರ ಎಲ್ಲಾ ಬದಕ್ತಾವ. ನಾಳೆ ತರ್ತೀನಿ."

"ನಾಳೆ ಬ್ಯಾಡ. ನಾಳೆ ಆ ಜಾಗಕ್ಕ ಕೂಡ್ಲಿಗಿ ಕಡೆಯಾಕಿಗೆ ಬಾ ಅಂದೀನಿ."

"ಸಂಜಿಗೆ ನೋಡೂಣು ಅಂದಿದ್ದಿ!"

"ನೋಡಿದೆನಲ್ಲ. ಅರ್ಧ ನೋಡಿದೆ." ಅವನು ತಕ್ಕಡಿ ಒರೆಸುತ್ತ ಸ್ವಲ್ಪ ಯೋಚಿಸಿದ. ಅರಳಿದ ಗುಡ್ಡೆಯಿಂದ ಒಂದು ಹೂವು ಎತ್ತಿ ಮೂಸಿದ. "ಸೋಮವಾರ ತಗಂಬಾ. ಸೋಮವಾರ ಗುಡಿಗೆ ಮಂದಿ ಭಾಳ, ಎಷ್ಟು ಹೂವು ಬಂದ್ರೂ ಸಾಲಂಗಿಲ್ಲ. ಅವತ್ತು ಎಲ್ಲಾ ಬಿರಿದ್ರ ಜಾಗ ನಿಂದು. ಇಲ್ಲಂದ್ರ ಮಾತು ಬ್ಯಾಡ."

"ಸೋಮವಾರದ ತನಕ ಗಿಡಕ್ಕ ಏನು ಹೇಳ್ಲಿ? ಮೊಗ್ಗು ಬಿಡಬ್ಯಾಡ, ಕೊಟ್ರಬಸಪ್ಪ ಒಲ್ಲೆ ಅಂದಾನ ಅನ್ಲೇನು?"

"ನೀನs ಮುಡ್ಕಬೇ. ನಿನ್ನ ತಲಿ ಮ್ಯಾಲೆ ಒಂದು ಎಸಳೂ ಕಾಣಂಗಿಲ್ಲ."

ಅವಳು ಸತ್ತ ಮೊಗ್ಗಿನ ಗುಡ್ಡೆಯನ್ನು ಅವನ ಅಂಗಡಿಯ ಮುಂದೆಯೇ ಕೊಡವಿದಳು. ಬದುಕಿದ ಹೂವನ್ನು ಅವನಿಗೆ ಬಿಡಲಿಲ್ಲ. ಬುಟ್ಟಿಗೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಹಡಗಲಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳ ಬುಟ್ಟಿಯಿಂದ ಪರಿಮಳ ಹಬ್ಬಿದಾಗ ಮುಂದಿನ ಸೀಟಿನ ಹೆಂಗಸು ತಿರುಗಿ ಕೇಳಿದಳು: "ಎಷ್ಟು ಚಂದ ಬಿರಿದಾವಲ್ಲಬೇ, ಕೊಡಾವೇನು?"

"ಇಲ್ಲ," ಎಂದಳು ಮಾಳಮ್ಮ. ಸೋಮವಾರಕ್ಕೆ ಮನೆಯಲ್ಲಿ ದಪ್ಪನೆಯ ಬಟ್ಟೆ ಯಾವುದಿದೆ ಎಂದು ಲೆಕ್ಕ ಹಾಕುತ್ತಿದ್ದಳು. ನಾಗಪ್ಪ ಹೊದೆಯುವ ಕಂಬಳಿಯೊಂದೇ ಕಣ್ಣಿಗೆ ಬರುತ್ತಿತ್ತು. ಅದನ್ನು ಕತ್ತರಿಸಿದರೆ ಅವನು ಏನೆನ್ನುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಎನ್ನಲಿ.