ಎರಡನೆಯ ಚೀಟಿ

ಕಳೆದ ಭಾನುವಾರ ಮನೆಗೆ ಬಂದ ಬೀಗರನ್ನು ಕರೆದುಕೊಂಡು ದಾಂಡೇಲಿ ಹತ್ತಿರದ ಮೌಳಂಗಿಗೆ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ದೊಡ್ಡ ದೊಡ್ಡ ರಬ್ಬರ್ ಟ್ಯೂಬುಗಳಿಗೆ ಗಾಳಿ ತುಂಬಿ ಬಿಸಿಲಿಗೆ ಸಾಲಾಗಿ ಒರಗಿಸಿಟ್ಟಿದ್ದರು. ಪ್ರವಾಸಿಗರು ಅವುಗಳ ನಡುವಿನ ತೂತಿನಲ್ಲಿ ಕುಳಿತು, ಕೂಗುತ್ತ, ತೇಲುತ್ತ ಹೋಗುತ್ತಿದ್ದರು. ಕಾದ ರಬ್ಬರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳಿಯಾಳದ ನಮ್ಮ ಓಣಿಯ ಡ್ರೈವರ್ ಮಾಮಾ ಕಣ್ಣ ಮುಂದೆ ಬಂದು ನಿಂತರು. ನಿಂತರು ಅಂತಲೇ ಹೇಳಬೇಕು. ಕೊನೆಯ ವರ್ಷಗಳಲ್ಲಿ ಅವರು ಕೂತದ್ದನ್ನು ನಾನು ನೋಡಿಯೇ ಇಲ್ಲ…

ಅವರು ನನಗೆ ಸಂಬಂಧಿಕರೇನಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ. ಓಣಿಗೆಲ್ಲ ಅವರು ಮಾಮಾ, ಅವರ ಹೆಂಡತಿ ಅತ್ತಿ. ಹಳಿಯಾಳದಿಂದ ದಾಂಡೇಲಿ ಹಾಯ್ದು ಜೋಯಿಡಾಕ್ಕೆ ಹೋಗುವ ಬಸ್ಸನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದ ಮನುಷ್ಯ. ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು, ಸ್ಟೇರಿಂಗಿಗೆ ಕೈ ಮುಗಿದೇ ಹತ್ತುತ್ತಿದ್ದರು. ದಾರಿಯಲ್ಲಿ ಸಿದ್ದಿಯರ ಕೇರಿಯ ಮುದುಕಿಯೊಬ್ಬಳು ಬುಟ್ಟಿ ಹೊತ್ತು ಕೈ ಮಾಡಿದರೆ, ಅಲ್ಲಿ ಸ್ಟಾಪ್ ಇರಲಿ ಬಿಡಲಿ, ಬಸ್ಸು ನಿಲ್ಲುತ್ತಿತ್ತು. ಅವರ ಬಸ್ಸಿನಲ್ಲಿ ಬಸುರಿಯರಿಗೂ ವಾಂತಿ ಬರುವುದಿಲ್ಲ ಎಂದು ಅತ್ತಿ ಹೇಳಿಕೊಂಡು ತಿರುಗುತ್ತಿದ್ದಳು. ಅದರಲ್ಲಿ ಸ್ವಲ್ಪ ಗಂಡನ ಮೇಲಿನ ಪ್ರೀತಿಯೂ ಸೇರಿತ್ತು.

ನಾನು ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವನು. ಇವತ್ತಿಗೂ ಇದೇ ಕೆಲಸ. ಯಾವ ಡಾಕ್ಟರ ಕೈಗುಣ ಚಲೋ ಐತಿ ಎಂದು ಸುತ್ತಲಿನ ಹಳ್ಳಿಯವರು ನನ್ನನ್ನು ಕೇಳಿಯೇ ಮುಂದೆ ಹೋಗುತ್ತಿದ್ದರು. ಗುಳಿಗೆ ಕೊಡುವವನಿಗೆ ಡಾಕ್ಟರರನ್ನು ಅಳೆಯುವ ಅಧಿಕಾರವನ್ನು ಯಾರು ಕೊಟ್ಟರೋ ತಿಳಿಯದು, ನಾನಂತೂ ಸಂತೋಷದಿಂದ ತೆಗೆದುಕೊಂಡಿದ್ದೆ. ಮಾಮಾ ನನ್ನನ್ನು “ಅರ್ಧಾ ಡಾಕ್ಟರ” ಎಂದು ಕರೆಯುತ್ತಿದ್ದರು. ಚೇಷ್ಟೆಗೆ ಅನ್ನುತ್ತಿದ್ದರು, ನಾನು ಬಿರುದು ಎಂದು ತಿಳಿದಿದ್ದೆ.

ಒಂದು ದಿನ ಮಧ್ಯಾಹ್ನ ಅಂಗಡಿಗೆ ಬಂದು, ಇದ್ದ ಗಿರಾಕಿಗಳೆಲ್ಲ ಹೋಗುವ ತನಕ ಕ್ಯಾಲೆಂಡರ್ ನೋಡುತ್ತ ನಿಂತರು. ಆಮೇಲೆ ತಗ್ಗಿದ ದನಿಯಲ್ಲಿ, “ಕುಂತ್ರ ಕೆಂಡದ ಮ್ಯಾಲ ಕುಂತಂಗ ಆಕ್ಕೇತೋ. ನಿಂತ್ರ ಏನೂ ಇಲ್ಲ” ಎಂದರು. ಬೆರಳು ಮಾಡಿ ತೋರಿಸುವ ಜಾಗವಲ್ಲ ಅದು. ನಾನು ಹೆಚ್ಚು ಕೇಳಲೂ ಇಲ್ಲ. ಮೂಲವ್ಯಾಧಿ ಎಂದು ಮುಲಾಮು ಕೊಟ್ಟು ಕಳಿಸಿದೆ. ಹತ್ತಿರ ಹತ್ತಿರ ಒಂದು ವರ್ಷ ಅದನ್ನೇ ಕೊಟ್ಟೆ… ಅವರು ನಾಚಿಕೊಂಡರು, ನಾನೂ ನಾಚಿಕೊಂಡೆ, ನೋವು ಮಾತ್ರ ನಾಚಿಕೊಳ್ಳದೆ ಬೆಳೆಯುತ್ತ ಹೋಯಿತು.

ಆಗ ಅವರು ಕಂಡುಕೊಂಡ ಉಪಾಯವೇ ಟ್ಯೂಬು. ಹಳೆಯ ಸ್ಕೂಟರಿನ ಟ್ಯೂಬಿಗೆ ಅರೆಬರೆ ಗಾಳಿ ತುಂಬಿ, ಅತ್ತಿಯ ಸೀರೆಯ ತುಂಡು ಸುತ್ತಿ, ಡ್ರೈವರ್ ಸೀಟಿನ ಮೇಲೆ ಇಟ್ಟುಕೊಂಡು ಕೂಡತೊಡಗಿದರು. ನಡುವೆ ತೂತಿದ್ದುದರಿಂದ ಆ ಜಾಗಕ್ಕೆ ಭಾರ ಬೀಳುತ್ತಿರಲಿಲ್ಲ. ಡಿಪೋದವರು ಅದನ್ನು ಸಿಂಹಾಸನ ಎಂದು ನಗುತ್ತಿದ್ದರು. ಮಾಮಾನೂ ನಗುತ್ತಿದ್ದರು. ಆದರೆ ಜೋಯಿಡಾ ಮುಟ್ಟುವಷ್ಟರಲ್ಲಿ ಅವರ ಅಂಗಿ ಬೆವರಿಗೆ ತೊಯ್ದು ತಪ್ಪಡಿಯಾಗಿರುತ್ತಿತ್ತಂತೆ. ಡ್ರೈವಿಂಗ್ ಬಿಟ್ಟರೆ ತಾನು ಯಾರೂ ಅಲ್ಲ ಎಂದು ನಂಬಿದ ಮನುಷ್ಯ ಅವರು. ಕೂಡಲು ಆಗದ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆ ನೋವಿಗಿಂತ ದೊಡ್ಡದಾಗಿತ್ತು.

ಎರಡು ವರ್ಷ ಅಲೆದ ಮೇಲೆ ನರರೋಗದ ಡಾಕ್ಟರೊಬ್ಬರು ಸರಿಯಾದ ಹೆಸರು ಹಿಡಿದರು. ಸೊಂಟದ ಗೂಡಿನ ತಳದಲ್ಲಿ ಹಾಯುವ ಒಂದು ನರ ಹಿಸುಕಿಕೊಂಡಿದೆ, ಮೂಲವ್ಯಾಧಿಯೂ ಅಲ್ಲ ಮತ್ತೊಂದೂ ಅಲ್ಲ ಎಂದರು. ಖಾತ್ರಿ ಮಾಡಿಕೊಳ್ಳಲು ಆ ನರದ ಬದಿಗೆ ಜೋಮು ಹಿಡಿಸುವ ಔಷಧಿಯ ಒಂದು ಸೂಜಿ ಹಾಕಿದರು. ಎರಡು ದಿನ ನೋವೇ ಇಲ್ಲ. ಮಾಮಾ ಮನೆಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಉಂಡರು. ಅತ್ತಿ ಬಡಿಸುತ್ತ ಬಡಿಸುತ್ತ ಅತ್ತಳು. ಮೂರನೆಯ ದಿನಕ್ಕೆ ಎಲ್ಲ ಮೊದಲಿನಂತಾಯಿತು. ಔಷಧಿಗೆ ತಗ್ಗದಿದ್ದರೆ ಆಪರೇಶನ್ ಮಾಡಿ ನರ ಬಿಡಿಸಬಹುದು, ಆದರೆ ಅದನ್ನು ಮಾಡುವವರು ಬಹಳ ಕಡಿಮೆ, ಆರಿಸುವಾಗ ಅವಸರ ಮಾಡಬೇಡಿರಿ ಎಂದು ಹೇಳಿ ಆ ಡಾಕ್ಟರು ಒಬ್ಬ ಲೇಡಿ ಡಾಕ್ಟರ್ ಬಾಯಿಯವರ ಹೆಸರು ಬರೆದುಕೊಟ್ಟರು. ನನಗೆ ಅದು ಸಾಲಲಿಲ್ಲ. ಔಷಧಿ ಕಂಪನಿಯ ಹುಡುಗರನ್ನು ಕೇಳಿ ಇನ್ನೊಂದು ಹೆಸರು ತಂದೆ. ಊರು, ಆಸ್ಪತ್ರೆ ಇಲ್ಲಿ ಬೇಡ.

ಮೊದಲು ನಾನು ಹುಡುಕಿದ ಸರ್ಜನ್ನರ ಹತ್ತಿರ ಹೋದೆವು. ದೊಡ್ಡ ಆಸ್ಪತ್ರೆ, ತಣ್ಣಗಿನ ಕೋಣೆ. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ನರ ಬಿಡಿಸಿದರಾಯಿತು, ತಿಂಗಳೊಳಗೆ ಬಸ್ಸು ಹತ್ತುತ್ತೀರಿ ಎಂದರು. ಮಾಮಾನನ್ನು ಮುಟ್ಟಿ ನೋಡಲಿಲ್ಲ. ಎಲ್ಲಿ, ಯಾವಾಗ, ಹೆಂಗೆ ನೋವು ಎಂದು ಕೇಳಲಿಲ್ಲ. ಆದರೆ ನಾನು ಔಷಧಿ ಅಂಗಡಿಯವನು ಎಂದು ಗೊತ್ತಾದ ಕೂಡಲೆ, “ಹಾಗಾದರೆ ನೀವು ನಮ್ಮವರೇ” ಎಂದು ಚಹಾ ತರಿಸಿದರು. ಇಂಥ ಆಪರೇಶನ್ ಎಷ್ಟು ಮಾಡಿದ್ದೀರಿ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಚಹಾದ ಕಪ್ಪು ಕೈಗೆ ಬಂದ ಮೇಲೆ ಆ ಪ್ರಶ್ನೆ ಕೇಳುವುದು ಅವಮರ್ಯಾದೆ ಅನಿಸಿತು. ಮಾಮಾ ಅಷ್ಟು ಹೊತ್ತೂ ಗೋಡೆಗೆ ಆತು ನಿಂತಿದ್ದರು.

ಮುಂದಿನ ವಾರ ಆ ಬಾಯಿಯವರ ಕಡೆ ಹೋದೆವು. ಸಣ್ಣ ಆಸ್ಪತ್ರೆ, ಸಣ್ಣ ಕೋಣೆ. ಮಾಮಾ ಕೂಡಲಾರರು ಎಂದು ತಿಳಿದದ್ದೇ ಅವರೂ ಕುರ್ಚಿ ಬಿಟ್ಟು ಎದ್ದರು. ಮುಕ್ಕಾಲು ತಾಸು ನಿಂತೇ ಮಾತಾಡಿದರು. ಮುಲಾಜಿಲ್ಲದೆ ಎಲ್ಲ ಕೇಳಿದರು, ಪರೀಕ್ಷೆ ಮಾಡಿದರು. ಕೊನೆಗೆ, “ನಾನು ಮಾಡಿದವರೊಳಗ ಕೆಲವರಿಗೆ ಆರಾಮ ಆಗೇತ್ರಿ, ಕೆಲವರಿಗೆ ಆಗಿಲ್ಲ. ಒಬ್ಬಿಬ್ಬರಿಗೆ ಹೆಚ್ಚೂ ಆಗೇತಿ. ಮೊದಲ ಆರು ತಿಂಗಳು ಬಸ್ ಓಡಸೂದು ಬಿಡ್ರಿ, ವ್ಯಾಯಾಮ ಮಾಡೂಣು. ಆಮ್ಯಾಲ ನೋಡೂಣು” ಎಂದರು. ಬೇಕಾದರೆ ಹಳೆಯ ರೋಗಿಗಳ ಒಪ್ಪಿಗೆ ಕೇಳಿ ನಂಬರ್ ಕೊಡುತ್ತೇನೆ, ಆರಾಮ ಆಗದವರನ್ನೂ ಮಾತಾಡಿಸಿರಿ ಎಂದರು.

ಹೊರಗೆ ಬಂದವನೇ ನಾನು ಸಿಡಿಮಿಡಿಗೊಂಡೆ. ತಮ್ಮ ಕೆಲಸದ ಮೇಲೆ ತಮಗೇ ಭರವಸೆ ಇಲ್ಲದವರ ಕೈಗೆ ಮೈ ಒಪ್ಪಿಸುವುದೇನು ಎಂದು ಬಸ್‌ಸ್ಟ್ಯಾಂಡಿನ ತನಕ ಹೇಳುತ್ತ ಬಂದೆ. ಮಾಮಾ ಕೇಳಿಸಿಕೊಂಡರು. “ನೀ ಹೇಳೂದೂ ಖರೆ. ಆದ್ರ ಆ ಬಾಯಿಯವರು ನಿಂತ ಮಾತಾಡಿದ್ರು ನೋಡು” ಎಂದರು. ಅದನ್ನೇ ನಾಲ್ಕು ದಿನ ಹೇಳಿದರು. ನನಗೋ ಆರು ತಿಂಗಳು ಅನ್ನುವ ಮಾತು ನುಂಗಲಾರದ ತುತ್ತಾಗಿತ್ತು. ಮಾಮಾ ಹಾಕಿದ್ದ ರಜೆ ಮುಗಿಯುತ್ತ ಬಂದಿತ್ತು. ಕೊನೆಗೆ ಮಾಮಾ, “ತಲಿ ಕೆಟ್ಟೋಗೇತಿ. ಸೋಮವಾರ ಕಲ್ಮೇಶ್ವರನ ಮುಂದ ಚೀಟಿ ಹಾಕೂಣು. ಅಂವ ಯಾರನ್ನ ಕೊಡ್ತಾನ, ಅವರ ಕಡೆ ಹೋಗೂಣು” ಎಂದರು.

ನಮ್ಮ ಕಡೆ ಇದು ಹೊಸದಲ್ಲ. ಹೊಲ ಹಂಚುವಾಗ, ಗಂಡು ಗೊತ್ತು ಮಾಡುವಾಗ, ಮನಸ್ಸು ಎರಡಾದಾಗ ಲಿಂಗದ ಮುಂದೆ ಎರಡು ಚೀಟಿ ಸುತ್ತಿ ಇಟ್ಟು ಒಂದನ್ನು ಎತ್ತುತ್ತಾರೆ. ಬಂದದ್ದಕ್ಕೆ ಎದುರು ಮಾತಿಲ್ಲ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯಲ್ಲಿ ಗುಳಿಗೆ ಕಟ್ಟಿಕೊಡುವ ಬಿಳಿ ಕಾಗದದ ಎರಡು ತುಂಡು ಹರಿದೆ. ಒಂದರ ಮೇಲೆ ದೊಡ್ಡ ಆಸ್ಪತ್ರೆಯ ಸರ್ಜನ್ನರ ಹೆಸರು ಬರೆದೆ. ಎರಡನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ… ಅದರ ಮೇಲೂ ಅದೇ ಹೆಸರು ಬರೆದೆ. ಕೈ ನಡುಗಿತು ಎಂದು ಬರೆದರೆ ಸುಳ್ಳಾದೀತು. ಮಾಮಾನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡೆ. ಡಾಕ್ಟರರ ವಿಷಯ ಕಲ್ಮೇಶ್ವರನಿಗಿಂತ ನನಗೆ ಹೆಚ್ಚು ಗೊತ್ತು ಎಂಬ ಸೊಕ್ಕು ಒಳಗೆ ಇದ್ದೇ ಇತ್ತು.

ಗುಡಿಯಲ್ಲಿ ಪೂಜಾರಿ ಬಿಲ್ವಪತ್ರೆಯ ಜೊತೆ ಚೀಟಿಗಳನ್ನು ಇಟ್ಟ. ಮಾಮಾ ಕಣ್ಣು ಮುಚ್ಚಿ, ಬಾಗಿ, ಒಂದನ್ನು ಎತ್ತಿ ನನಗೆ ಕೊಟ್ಟರು. ನಾನು ಬಿಚ್ಚಿ ಗಟ್ಟಿಯಾಗಿ ಓದಿದೆ. ಅತ್ತಿ ಕೈ ಮುಗಿದಳು. ಉಳಿದ ಚೀಟಿಯನ್ನು ಮೆಲ್ಲಗೆ ಎತ್ತಿ ಹರಿದುಬಿಡುವ ವಿಚಾರ ನನ್ನದು. ಅಷ್ಟರಲ್ಲಿ ಮಾಮಾನ ಕೈ ಮುಂದೆ ಹೋಯಿತು. “ದೇವರ ಮುಂದ ಇಟ್ಟದ್ದು ಯಾರ ಕಾಲಾಗೂ ಬರಬಾರದು. ಎರಡೂ ಹೊಳಿಗೆ ಬಿಡ್ತೇನಿ” ಎಂದು, ನನ್ನ ಕೈಯಲ್ಲಿದ್ದದ್ದನ್ನೂ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಆ ಜೇಬನ್ನೇ ನೋಡುತ್ತ ಗುಡಿಯ ಮೆಟ್ಟಿಲು ಇಳಿದೆ. ಆದರೆ ಅವರು ಬಿಚ್ಚಿ ನೋಡಲಿಲ್ಲ. ಮುಂದೆ ಆ ಮಾತೂ ಬರಲಿಲ್ಲ. ದಾಂಡೇಲಿಗೆ ಹೋದಾಗ ಹೊಳೆಗೆ ಬಿಟ್ಟಿರಬೇಕು ಎಂದು ಸುಮ್ಮನಾದೆ.

ಆಪರೇಶನ್ನಿನ ದಿನ ಅಂಗಿ ಬಿಚ್ಚಿ, ಜೇಬಿನಲ್ಲಿದ್ದ ಲೈಸೆನ್ಸಿನ ಕವರನ್ನು ಅತ್ತಿಯ ಕೈಗೆ ಕೊಟ್ಟರು. ಒಳಗೆ ಒಯ್ಯುವ ಮುಂಚೆ ನನ್ನ ಕಡೆ ತಿರುಗಿ, “ನಿನ್ನ ಮಾತಿನ ಮ್ಯಾಲ ಹೊಂಟೇನೋ, ಅರ್ಧಾ ಡಾಕ್ಟರ” ಎಂದರು. “ನಂದೇನೈತಿ ಮಾಮಾ, ದೇವರು ಕೊಟ್ಟ ಚೀಟಿ” ಎಂದೆ. ಅವರು ನಕ್ಕರು. ಆ ನಗೆ ನನಗೆ ಅವತ್ತು ತಿಳಿಯಲಿಲ್ಲ.

ತಿಂಗಳಾಯಿತು, ಮೂರು ತಿಂಗಳಾಯಿತು. ನೋವು ಹೋಗಲಿಲ್ಲ. ಮೊದಲು ಕೂತಾಗ ಮಾತ್ರ ಇದ್ದದ್ದು ಈಗ ನಡೆದರೂ ಬರತೊಡಗಿತು. ಒಂದು ಬದಿ ಜೋಮು ಹಿಡಿದಂತಾಗಿ ಕಾಲು ಎಳೆಯುತ್ತಿದ್ದರು. ಸರ್ಜನ್ನರು ಆಪರೇಶನ್ ಸರಿಯಾಗಿಯೇ ಆಗಿದೆ, ನರಕ್ಕೆ ವೇಳೆ ಬೇಕು ಎಂದರು. ಆಗ, ಅಂದರೆ ಎಲ್ಲ ಮುಗಿದ ಮೇಲೆ, ಇಂಥವು ಎಷ್ಟು ಮಾಡಿದ್ದೀರಿ ಎಂಬ ಆ ಪ್ರಶ್ನೆಯನ್ನು ನಾನು ಕೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ, “ನರದ ಆಪರೇಶನ್ ಬೇಕಾದಷ್ಟು ಮಾಡಿದ್ದೇನೆ, ಇದೂ ಹಾಗೇ” ಎಂದರು. ಈ ಸಲ ಚಹಾ ಬರಲಿಲ್ಲ.

ಮಾಮಾ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಜೋಯಿಡಾ ಬಸ್ಸು ಹೋಗುವ ಹೊತ್ತಿಗೆ ಗೇಟಿನ ಕಂಬ ಹಿಡಿದು ನಿಂತು, ಹೊಸ ಡ್ರೈವರ ತಿರುವಿನಲ್ಲಿ ಗೇರು ಬದಲಿಸುವುದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಯಾರಾದರೂ, ಯಾವ ಪುಣ್ಯಾತ್ಮನೋ ನಿಮಗೆ ಆ ಡಾಕ್ಟರನ್ನ ತೋರಿಸಿದವನು ಎಂದು ಕೇಳಿದರೆ, ನಾನು ಬದಿಗೇ ಇದ್ದರೂ, “ಯಾರೂ ಅಲ್ರೀ, ಕಲ್ಮೇಶ್ವರ ಆರಿಸಿಕೊಟ್ಟದ್ದು. ಅಂವಗ ಎದುರು ಆಡಾಕ ಬರತೈತೇನು?” ಎನ್ನುತ್ತಿದ್ದರು. ನಾನು ಮಾಡಿದ್ದಕ್ಕೆ ಅವರು ದೇವರನ್ನು ಕ್ಷಮಿಸುತ್ತಿದ್ದಾರೆ ಎಂದುಕೊಂಡು ನಾನು ಅಲ್ಲಿಂದ ಜಾರಿಕೊಳ್ಳುತ್ತಿದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಗೋಡೆಯ ತನಕ ಹೋದೆ. ಆಮೇಲಾಮೇಲೆ ಆ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅಂಗಡಿಯಲ್ಲಿ ಕೆಲಸ ಎಂದು ಅತ್ತಿಗೆ ಹೇಳುತ್ತಿದ್ದೆ.

ಒಮ್ಮೆ ಮಳಗಿ ಊರಿನವನೊಬ್ಬ ಗುಳಿಗೆಗೆ ಬಂದಿದ್ದ. ಅವನಿಗೂ ಇದೇ ನೋವಂತೆ. ಆ ಬಾಯಿಯವರು ಆಪರೇಶನ್ ಬೇಡವೆಂದು ವ್ಯಾಯಾಮದಲ್ಲೇ ತಗ್ಗಿಸಿದ್ದರಂತೆ. ಡಾಕ್ಟರರ ಔಷಧಿ ಚೀಟಿಯನ್ನು ತಿರುಗಿ ಇಸಿದುಕೊಂಡು, ಮೋಟರ್‌ಸೈಕಲ್ ಹತ್ತಿ ಕೂತು ಹೋದ. ಮಾಮಾನಿಗೂ ಹಾಗೇ ಆಗುತ್ತಿತ್ತೆಂದು ಹೇಳಲಾರೆ. ಆಗದೆಯೂ ಇರಬಹುದಿತ್ತು. ಅದು ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿದ್ದೆ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಮಾಮಾ ಏಳಲಿಲ್ಲ. ಹೃದಯ ನಿಂತಿತ್ತು. ಅತ್ತಿ ಸನವಳ್ಳಿಯ ಮಗಳ ಮನೆಗೆ ಹೋಗುವ ಮುಂಚೆ ನನ್ನನ್ನು ಕರೆದು, ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನೆಲ್ಲ ಹರವಿದಳು. ಪೆನ್ಶನ್ನಿಗೆ ಬೇಕಾದವು ಯಾವವು ನೋಡು ಎಂದಳು. ನಡುವೆ ಲೈಸೆನ್ಸಿನ ಕವರು ಸಿಕ್ಕಿತು. “ಆಪರೇಶನ್ ದಿವಸ ನನ್ನ ಕೈಯಾಗ ಕೊಟ್ಟಿದ್ರು. ಆಮ್ಯಾಲ ಒಮ್ಮೆನೂ ಕೇಳಲಿಲ್ಲ. ಹಂಗ ಪೆಟ್ಟಿಗ್ಯಾಗ ಇಟ್ಟಬಿಟ್ಟೆ” ಎಂದಳು.

ಕವರಿನೊಳಗೆ, ಅವರ ಫೋಟೋದ ಹಿಂದೆ, ಬಿಳಿ ಕಾಗದದ ಎರಡು ತುಂಡು. ಎರಡೂ ಬಿಚ್ಚಿದ್ದವು. ಉಗುರಿನಿಂದ ತೀಡಿ ಸಪಾಟು ಮಾಡಿ, ಒಂದರ ಮೇಲೊಂದು ಇಟ್ಟಿದ್ದರು. ಎರಡರ ಮೇಲೂ ನನ್ನ ಅಕ್ಷರ, ಒಂದೇ ಹೆಸರು.

“ಏನೋ ಅದು, ಬೇಕಾದದ್ದೇನು?” ಎಂದಳು ಅತ್ತಿ. ಅವಳಿಗೆ ಓದಲು ಬಾರದು. “ಏನಿಲ್ಲ ಅತ್ತಿ, ಹಳೇ ಕಾಗದ” ಎಂದೆ. ಅವತ್ತೂ ಹೇಳಲಿಲ್ಲ.

ಆ ದಿನದ ನಂತರ ಕವರು ಅವರ ಕೈಗೆ ಹೋಗಿಯೇ ಇರಲಿಲ್ಲ, ಅಂದರೆ ಆಪರೇಶನ್ನಿಗೆ ಒಳಗೆ ಹೋಗುವ ಮೊದಲೇ ಅವರಿಗೆ ಗೊತ್ತಿತ್ತು. ದೇವರು ಆರಿಸಲಿಲ್ಲ ಎಂದು ತಿಳಿದೂ ನನ್ನ ಮಾತಿನ ಮೇಲೆ ಮೈ ಒಪ್ಪಿಸಿದರು. ಹುಡುಗ ಇಷ್ಟು ಮಾಡಿದ್ದಾನೆಂದರೆ ಅಷ್ಟು ಖಾತ್ರಿ ಇದ್ದೀತು ಎಂದುಕೊಂಡಿರಬೇಕು. ಆಮೇಲೆ ಅಷ್ಟು ವರ್ಷ, ಓಣಿಯ ಎದುರು, ನನ್ನ ಹೆಸರು ಬರದ ಹಾಗೆ ಕಲ್ಮೇಶ್ವರನನ್ನು ಅಡ್ಡ ನಿಲ್ಲಿಸಿದರು. ಒಂದು ಸಲ ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ ಎಂದು ಒಮ್ಮೊಮ್ಮೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ಸುಳ್ಳು. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಈಗಲೂ ಜನ ಅಂಗಡಿಗೆ ಬಂದು ಯಾರ ಕೈಗುಣ ಚಲೋ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ, ಇಂಥದ್ದು ಎಷ್ಟು ಮಾಡಿದ್ದೀರಿ ಎಂದು ಅವರನ್ನೇ ಕೇಳಿರಿ ಎನ್ನುತ್ತೇನೆ. ಮೊದಲಿನ ಮರ್ಯಾದೆ ಈಗ ನನಗಿಲ್ಲ, ಇರಲಿ…

ಮೌಳಂಗಿಯಲ್ಲಿ ಟ್ಯೂಬಿನವನು ಒಂದನ್ನು ನನ್ನ ಮುಂದೆ ಉರುಳಿಸಿ, “ಕೂಡ್ರಿ ಕಾಕಾ, ಏನೂ ಆಗೂದಿಲ್ಲ” ಎಂದ. ಒಲ್ಲೆ ಎಂದೆ. ಬೀಗರು ತೇಲಿ ತಿರುಗಿ ಬರುವ ತನಕ ದಂಡೆಯ ಮೇಲೆ ನಿಂತೇ ಇದ್ದೆ.