ಪೀರಪ್ಪನ ಕೈಗೆ ಬಾರದ ಕೆಂಚಿ

ಕುರನೂರಿನ ಪೀರಪ್ಪ ಕುರಿ ಕಾಯುವವನು. ನಾಯಿ ಪಳಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಬೋರಿ ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಮಾತಿತ್ತು. ಕಚ್ಚುವ ನಾಯಿಗಳನ್ನು ಜನ ತಂದು ಬಿಟ್ಟರೆ ತಿಂಗಳೊಳಗೆ ಅವು ಅವನ ಕುರಿಗಳ ಹಿಂದೆ ತೆಪ್ಪಗೆ ನಡೆಯುತ್ತಿದ್ದವು.

ಸಾವಿರದ ಒಂಬೈನೂರ ಮೂವತ್ತೊಂದರ ಚಳಿಗಾಲದಲ್ಲಿ ಅವನು ಕಂಬಳಿ ಮಾರಲು ಸೊಲ್ಲಾಪುರಕ್ಕೆ ಹೋದಾಗ, ತೀರಿಕೊಂಡ ಅರಳೆ ವ್ಯಾಪಾರಿಯೊಬ್ಬನ ಗೋದಾಮನ್ನು ತೆರವು ಮಾಡುತ್ತಿದ್ದರು. ಒಳಗಿನ ಕತ್ತಲೆ ಕೋಣೆಯಲ್ಲಿ ವರ್ಷದ ಹೆಣ್ಣುನಾಯಿಯೊಂದು ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಮರಿಯಾಗಿದ್ದಾಗಿನಿಂದ ಅದು ಹೊರಗೆ ಬಂದದ್ದೇ ಇಲ್ಲವಂತೆ. ಬಾಗಿಲ ಸಂದಿಯಿಂದ ಯಾರೋ ರೊಟ್ಟಿ ತಳ್ಳುತ್ತಿದ್ದರಂತೆ. ಅದನ್ನು ಹೊಡೆದು ಹಾಕಲು ಕಾವಲುಗಾರ ಬಡಿಗೆ ತಂದಿದ್ದ. ಪೀರಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ.

“ತಿಂಗಳಾ ತಡೀರಿ, ನನ್ನ ಹಿಂದ ಹಿಂದ ಅಡ್ಡಾಡತೈತಿ” ಎಂದ.

ಮೂರು ತಿಂಗಳಾದವು. ಕೆಂಚಿ ಎಂದು ಹೆಸರಿಟ್ಟ ಆ ನಾಯಿ ಜೋಳ ತುಂಬಿಡುವ ಗುಮ್ಮಿಯ ಹಿಂದಿನಿಂದ ಹೊರಬರಲಿಲ್ಲ. ಕುರಿಮರಿ ಕೂಗಿದರೆ ಉಚ್ಚೆ ಹೊಯ್ಯುತ್ತಿತ್ತು. ಅಂಗಳಕ್ಕೆ ಎಳೆದರೆ ತಲೆಯ ಮೇಲಿನ ಬಯಲು ಆಕಾಶಕ್ಕೇ ಹೆದರಿ ಹೊಟ್ಟೆ ನೆಲಕ್ಕೊತ್ತಿ ಮಲಗುತ್ತಿತ್ತು. ಪೀರಪ್ಪ ಬೆಲ್ಲ ಹಿಡಿದ, ಹಾಲು ಹಿಡಿದ. ಅವನ ಕೈ ಕಂಡರೆ ಸಾಕು, ಅದರ ಹಲ್ಲು ಕಟಕಟ ಎನ್ನುತ್ತಿದ್ದವು.

ಒಂದು ಮಧ್ಯಾಹ್ನ ಅವನು ಬೇಗ ಮನೆಗೆ ಬಂದ. ಹೆಂಡತಿ ಗುರುಬಾಯಿ ಗುಮ್ಮಿಗೆ ಬೆನ್ನುಕೊಟ್ಟು ಕೌದಿ ಹೊಲಿಯುತ್ತಿದ್ದಳು. ಕೆಂಚಿ ಅವಳ ಸೀರೆಯ ಅಂಚಿನ ಮೇಲೆ ಗದ್ದ ಊರಿ ಮಲಗಿತ್ತು. ಎಂದೂ ಒಂದು ನಾಯಿಯನ್ನೂ ಮುಟ್ಟದ ಗುರುಬಾಯಿ! ಪೀರಪ್ಪ ಹೊರಗೇ ನಿಂತ. ಅವಳು ಮೆಲ್ಲಗೆ ಮಾತಾಡುತ್ತಿದ್ದಳು.

“ನಾನೂ ಇಲ್ಲೇ ಕುಂಡ್ರತಿದ್ದೆವ್ವಾ, ಈ ಗುಮ್ಮಿ ಹಿಂದ. ಹುಲಜಂತಿಯಿಂದ ಲಗ್ನಾಗಿ ಬಂದಾಗ ಹನ್ನೊಂದ್ ವರ್ಷದಾಕಿ. ಅತ್ತಿ ದನಿ ಕೇಳಿದ್ರ ಕೈಕಾಲು ಥಂಡಾಗ್ತಿದ್ವು. ಯಾರೂ ನನ್ನ ಕಡಿ ನೋಡದಿದ್ರ ಸಾಕು ಅನಸ್ತಿತ್ತು.”

ಹದಿನೈದು ವರ್ಷದ ಸಂಸಾರದಲ್ಲಿ ಈ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ತನ್ನ ನಾಯಿಯನ್ನು ಹೆಂಡತಿ ಕಸಿದುಕೊಂಡಿದ್ದಳು. ತನಗೆ ಸಿಗಬೇಕಾದ ಹೆಂಡತಿಯ ಮಾತನ್ನು ನಾಯಿ ಕಸಿದುಕೊಂಡಿತ್ತು. ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಅವನಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೆಂಚಿಯ ಕೊರಳಿಗೆ ಹಗ್ಗ ಹಾಕಿ ಕುರಿಹಟ್ಟಿಗೆ ಎಳೆದೊಯ್ದ. “ಮನ್ಯಾಗ ಕುಂತು ಕೆಟ್ಟೈತಿ” ಎಂದ. ಹಟ್ಟಿಯ ನಾಲ್ಕು ನಾಯಿಗಳು ಸುತ್ತುವರಿದವು. ಕೆಂಚಿ ಚೀರಿತು, ಹಗ್ಗ ಕಡಿದುಕೊಂಡು ಹೊಳೆಯ ದಂಡೆಯ ಜಾಲಿಕಂಟಿಯೊಳಗೆ ನುಗ್ಗಿ ಮಾಯವಾಯಿತು.

ಗುರುಬಾಯಿ ರೊಟ್ಟಿ, ಕೌದಿ ತೆಗೆದುಕೊಂಡು ಹೋಗಿ ಕಂಟಿಗೆ ಬೆನ್ನು ಮಾಡಿ ಕುಳಿತಳು. ಮರುದಿನವೂ ಹೋದಳು, ಅದರ ಮರುದಿನವೂ. ಪೀರಪ್ಪ ದಿಬ್ಬದ ಮೇಲೆ ಕುರಿ ಬಿಟ್ಟುಕೊಂಡು ನೋಡುತ್ತಿದ್ದ. ನಾಯಿ ಸಾಯದಿರಲಿ, ಆದರೆ ಅವಳ ಹತ್ತಿರವೂ ಬಾರದಿರಲಿ ಎಂದು ಕುಲದೇವರು ಬೀರಪ್ಪನನ್ನು ಬೇಡಿಕೊಂಡ. ಮೂರನೆಯ ದಿನ ಹೊತ್ತು ಇಳಿಯುವಾಗ ಕೆಂಚಿ ತೆವಳುತ್ತ ಬಂದು ಅವಳ ಬೆನ್ನಿಗೆ ಮೂತಿ ಒತ್ತಿತು.

ಆ ಸಂಜೆ ಅವನು ಸೋತು ಕೇಳಿದ, “ಅದಕ್ಕ ಏನ್ ಮಾಡ್ತಿ ನೀ?”

“ಏನೂ ಮಾಡೂದಿಲ್ರಿ. ನೀವು ಬಂದ ಕೂಡ್ಲೇ ಕೈ ಚಾಚ್ತೀರಿ. ನಾ ಅದರ ಕಡಿ ನೋಡೂದೂ ಇಲ್ಲ.”

ಅವನು ಹೊಸ್ತಿಲ ಮೇಲೆ ಕುಳಿತ. “ಸಣ್ಣಾಕಿದ್ದಾಗ ಅಷ್ಟು ಅಂಜಿದ್ದು ನನಗ್ಯಾಕ ಹೇಳಲಿಲ್ಲ?”

ಕೌದಿ ಹೊಲಿಯುತ್ತಿದ್ದ ಅವಳ ಸೂಜಿ ನಿಂತಿತು. “ನೀವು ಕೇಳಿರಲಿಲ್ರಿ” ಎಂದಳು.

ಅಂದಿನಿಂದ ಅವನೂ ಅಂಗಳದಲ್ಲಿ ಬೆನ್ನು ತಿರುಗಿಸಿ ಕುಳಿತು ಉಣ್ಣೆ ನೂಲುವುದನ್ನು ರೂಢಿ ಮಾಡಿಕೊಂಡ. ಕೆಂಚಿ ಎಂಟು ವರ್ಷ ಬದುಕಿತು. ಅಪರಿಚಿತರಿಗೆ ಕೊನೆಯವರೆಗೂ ಹೆದರಿತು, ಕುರಿ ಕಾಯಲಿಲ್ಲ. ಒಮ್ಮೆ ಗುರುಬಾಯಿ ತಂಗಿಯ ಬಾಣಂತನಕ್ಕೆಂದು ತಿಂಗಳು ಹುಲಜಂತಿಗೆ ಹೋದಾಗ, ಅದು ಬಂದು ಅವನಿಂದ ಎರಡು ಮಾರು ದೂರದಲ್ಲಿ ಮಲಗಿತು. ಪೀರಪ್ಪ ಉಸಿರು ಬಿಗಿಹಿಡಿದು ನೂಲುತ್ತಲೇ ಇದ್ದ. ತಿಂಗಳ ಕೊನೆಗೆ ಆ ದೂರ ಒಂದು ಗೇಣಾಗಿತ್ತು.

ಗುರುಬಾಯಿ ಮರಳಿದ ದಿನ ಕೆಂಚಿ ಅವನನ್ನು ದಾಟಿ ಓಡಿತು. ಅವಳು ಗಂಟು ಇಳಿಸುವ ಮೊದಲೇ ಕಾಲಿಗೆ ಸುತ್ತಿಕೊಂಡಿತು. ಪೀರಪ್ಪ ನಗುತ್ತಲೇ ಇದ್ದ, ಆದರೂ ಕೆಂಚಿ ಮಲಗುತ್ತಿದ್ದ ಆ ಗೇಣು ದೂರದ ಜಾಗವನ್ನು ಒಮ್ಮೆ ತಿರುಗಿ ನೋಡಿದ.